ಒಂದೇ ದ್ರಾಕ್ಷಿ, ಮೂರು ಬಾಟಲಿ: ಹೊಸ ಬೋಜೊಲೆ ರುಚಿ ನೋಡಿದ್ದು

ನವೆಂಬರ್ ಮೂರನೇ ಗುರುವಾರ ಬಂತೆಂದರೆ ಇಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ವೈನ್ ಅಂಗಡಿಗಳ ಮುಂದೆಲ್ಲ ‘ಬೋಜೊಲೆ ನೂವೊ’ ಬೋರ್ಡು. ನಮ್ಮೂರಿನ ಉತ್ತರಕ್ಕಿರುವ ಬೋಜೊಲೆ ಗುಡ್ಡಗಳಲ್ಲಿ ಬೆಳೆದ ಗಾಮೆ ದ್ರಾಕ್ಷಿಯ ವೈನ್ ಇದು. ಕೊಯ್ಲಾಗಿ ಎರಡು ಮೂರು ತಿಂಗಳೂ ಕಳೆದಿರುವುದಿಲ್ಲ. ಈ ಸಲ ಮೂರು ಬಗೆ ತಂದು, ಒಂದೇ ಸಂಜೆ ಪಕ್ಕಪಕ್ಕ ಇಟ್ಟು ಕುಡಿದೆವು. ಸೂಪರ್ ಮಾರ್ಕೆಟ್‌ನದಕ್ಕೆ 5 ಯೂರೋ. ಸಣ್ಣ ಬೆಳೆಗಾರರೊಬ್ಬರ ಬೋಜೊಲೆ-ವಿಲಾಜ್ (ಬೋಜೊಲೆಯ ಆಯ್ದ ಹಳ್ಳಿಗಳ ವೈನ್) 10. ಸೋಸದ, ವೈನ್ ಕೆಡದಂತೆ ಕಾಯುವ ಸಲ್ಫೈಟ್ ಹಾಕದ ಮೂರನೆಯದಕ್ಕೆ 15.

ಮೊದಲನೆಯದರ ವಿಷಯ ಬೇಗ ಮುಗಿಯುತ್ತದೆ. ಮೂಗಿಗೆ ಬಂದದ್ದು ಮಾಗಿದ ಬಾಳೆಹಣ್ಣಿನ ವಾಸನೆ. ಅಂಗಡಿಯಲ್ಲಿ ಸಿಗುವ ಕೆಲವು ಯೀಸ್ಟ್ ಹಾಕಿದರೆ ಐಸೋಅಮೈಲ್ ಅಸಿಟೇಟ್ ಎಂಬ ವಸ್ತು ಜಾಸ್ತಿ ಹುಟ್ಟುತ್ತದೆ. ಬಾಳೆಹಣ್ಣಿನ ಪರಿಮಳವೂ ಅದರದೇ. ಕುಡಿಯಲು ಸಲೀಸು, ಆದರೆ ದ್ರಾಕ್ಷಿ ಎಲ್ಲಿ ಹೋಯಿತು ಅನ್ನಿಸಿತು.

ಮೂರನೆಯದಕ್ಕೆ ಹಾಕಿದ ಯೀಸ್ಟ್ ಇಲ್ಲ. ನಮ್ಮ ದೋಸೆ ಹಿಟ್ಟು ತಾನಾಗೇ ಹುಳಿ ಬರುತ್ತದೆ ಅಲ್ವಾ, ಹಾಗೆ ಹಣ್ಣಿನ ಮೇಲೆ, ಟ್ಯಾಂಕಿನಲ್ಲಿ ಇದ್ದ ಯೀಸ್ಟೇ ಹುದುಗಿಸಿದೆ. ಗೊಂಚಲನ್ನು ಹಿಂಡದೆ ಇಡಿಯಾಗಿ ತುಂಬುತ್ತಾರೆ. ಮೇಲಿನ ಭಾರಕ್ಕೆ ತಳದ ಹಣ್ಣು ಒಡೆದು ಹುದುಗತೊಡಗುತ್ತದೆ. ಅದರಿಂದೇಳುವ ಕಾರ್ಬನ್ ಡೈಆಕ್ಸೈಡ್ ಟ್ಯಾಂಕನ್ನು ತುಂಬಿಕೊಂಡಾಗ, ಮೇಲಿನ ಹಣ್ಣುಗಳು ಸಿಪ್ಪೆ ಒಡೆಯದೆ ಒಳಗೊಳಗೇ ಬದಲಾಗುತ್ತವೆ. ಹಾಗಾಗಿ ಒಗರು ಕಡಿಮೆ, ಹಣ್ಣಿನ ಘಮ ಜಾಸ್ತಿ. ಈ ಹಳೆಯ ಪದ್ಧತಿಯನ್ನು ಸಲ್ಫೈಟ್ ಇಲ್ಲದೆಯೂ ಮಾಡಬಹುದು ಎಂದು ತೋರಿಸಿದವರು ಬೋಜೊಲೆಯ ವೈನ್ ವ್ಯಾಪಾರಿ, ರಸಾಯನಶಾಸ್ತ್ರ ಬಲ್ಲ ಜೂಲ್ ಶೋವೆ. ಮೋರ್ಗೊನ್‌ನ ಮಾರ್ಸೆಲ್ ಲಾಪಿಯೆರ್ 1980ರ ದಶಕದಲ್ಲಿ ಅದನ್ನು ತಮ್ಮ ತೋಟದಲ್ಲಿ ನಡೆಸಿದರು.

ಬೂಚು ತೆಗೆದ ಕೂಡಲೇ ಬಂದದ್ದು ಬೆಂಕಿಕಡ್ಡಿ ಗೀರಿದ ವಾಸನೆ. ನಾಲಿಗೆ ಮೇಲೆ ಸಣ್ಣಗೆ ಚುರುಚುರು ಗ್ಯಾಸ್. ಇಷ್ಟಕ್ಕೇ ‘ಕೆಟ್ಟಿದೆ’ ಅಂತ ಚೆಲ್ಲಬೇಡಿ. ಹುದುಗುವಾಗ ಉಳಿದ ಗ್ಯಾಸನ್ನು ಎಷ್ಟೋ ಬೆಳೆಗಾರರು ಬೇಕೆಂದೇ ಬಿಡುತ್ತಾರೆ, ಗಾಳಿ ತಾಗದಂತೆ ಕಾಯಲಿ ಎಂದು. ಜಗ್ಗಿಗೆ ಬಗ್ಗಿಸಿ ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟೆ. ಆಮೇಲೆ ನೇರಳೆ ಹಣ್ಣು, ಜಜ್ಜಿದ ಹಸಿ ತೊಟ್ಟು, ಕೊನೆಗೆ ಚೂರು ಕಾಳುಮೆಣಸು. ಪುನರ್ಪುಳಿ ಪಾನಕದಂಥ ಚುರುಕು ಹುಳಿ. ತಳದಲ್ಲಿ ಮಡ್ಡಿ ಇತ್ತು, ಕೊನೆಯ ಗ್ಲಾಸು ಮಬ್ಬಾಗಿತ್ತು. ಅದೇ ನನಗೆ ಹೆಚ್ಚು ಹಿಡಿಸಿತು. ಆ ಸಂಜೆ ಗೆದ್ದದ್ದು ಇದೇ.

ಮರುದಿನ ಲೆಕ್ಕ ಬದಲಾಯಿತು. ಮೂರರಲ್ಲೂ ಅರ್ಧರ್ಧ ಉಳಿಸಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ಮೂರನೆಯದು ಮೂಗಿಗೆ ಚೆನ್ನಾಗೇ ಇತ್ತು. ನುಂಗಿ ನಾಲ್ಕೈದು ಸೆಕೆಂಡಾದ ಮೇಲೆ ಗಂಟಲ ಹಿಂದೆ ಇಲಿ ಓಡಾಡಿದ ಅಕ್ಕಿ ಮೂಟೆಯ ವಾಸನೆ ಎದ್ದಿತು. ಫ್ರೆಂಚರು ಇದನ್ನು ‘ಇಲಿ ರುಚಿ’ ಎಂದೇ ಕರೆಯುತ್ತಾರೆ. ವೈನ್‌ನ ಹುಳಿ ಆ ವಾಸನೆಯನ್ನು ಮೇಲೇಳಲು ಬಿಡುವುದಿಲ್ಲ. ಬಾಯಲ್ಲಿ ಜೊಲ್ಲು ಸೇರಿ ಹುಳಿ ತಗ್ಗಿದಾಗ ಅದು ಹೊರಬರುತ್ತದೆ. ಸಲ್ಫೈಟ್ ತಡೆಯುವುದು ಇಂಥದ್ದನ್ನೇ. ಎಲ್ಲರಿಗೂ ಇದು ಗೊತ್ತಾಗುವುದಿಲ್ಲ. ನಮ್ಮ ಮನೆಯವರು ಏನೂ ಆಗಿಲ್ಲವೆಂಬಂತೆ ಕುಡಿದರು. ನನಗೆ ಎರಡನೇ ಗುಟುಕು ಇಳಿಯಲಿಲ್ಲ.

ನಡುವಿನ ವಿಲಾಜ್ ಮೊದಲ ಸಂಜೆ ಸ್ವಲ್ಪ ಬಿಗಿಯಾಗಿತ್ತು. ಅದಕ್ಕೂ ಯೀಸ್ಟ್ ಹಾಕಿಲ್ಲ, ಬಾಟಲಿಗೆ ತುಂಬುವಾಗ ಮಾತ್ರ ಚೂರು ಸಲ್ಫೈಟ್ ಹಾಕಿದ್ದಾರೆ. ಮರುದಿನ ಅದು ಬಿಚ್ಚಿಕೊಂಡಿತು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಕಡಲೆಬೀಜ, ಎಳ್ಳಿನ ಜಿಡ್ಡಿಗೆ ಈ ವೈನ್‌ನ ಹುಳಿ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಊಟದ ಮಧ್ಯೆಯೇ ಬಾಟಲಿ ಖಾಲಿ.

ಲೇಬಲ್ ಓದುವಾಗ ಒಂದು ಗಮನಿಸಿ. ಹುದುಗುವಾಗ ಯೀಸ್ಟೇ ಸ್ವಲ್ಪ ಸಲ್ಫೈಟ್ ಹುಟ್ಟಿಸುತ್ತದೆ. ‘ಹಾಕಿಲ್ಲ’ ಎಂದರೆ ‘ಇಲ್ಲವೇ ಇಲ್ಲ’ ಎಂದಲ್ಲ. ಯುರೋಪಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಬರೆಯಲೇಬೇಕು. ಇನ್ನು ಮೂರನ್ನೂ 12–13 ಡಿಗ್ರಿಗೆ ತಂಪು ಮಾಡಿ ಕುಡಿಯಿರಿ, ಬೆಚ್ಚಗಾದರೆ ಹುಳಿಯ ಚುರುಕು ಹೋಗುತ್ತದೆ.

ಇಬ್ಬರೇ ಇರುವ ನಮ್ಮ ಮನೆಗೆ ಇನ್ನು ವಿಲಾಜ್. ಶನಿವಾರ ಆರು ಜನ ಊಟಕ್ಕೆ ಬರುತ್ತಿದ್ದಾರೆ. ಅವರಿಗೆಂದು ಮೂರನೆಯದನ್ನೇ ಎರಡು ಬಾಟಲಿ ತಂದಿಟ್ಟಿದ್ದೇನೆ. ಅವು ಭಾನುವಾರದವರೆಗೆ ಉಳಿಯುವುದಿಲ್ಲ.