ವೇಗವಿದೆ, ವಿಳಾಸವಿಲ್ಲ: ಸಕಲೇಶಪುರ ಸೀಮೆಯ ಒಂದು ಫೈಬರ್ ಸಂಪರ್ಕ

ಸಕಲೇಶಪುರದ ಆಚೆಗಿರುವ ನಮ್ಮ ತೋಟದ ಮನೆಗೆ ಸ್ಥಳೀಯ ಕೇಬಲ್‌ನವರಿಂದ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡು ಹನ್ನೊಂದು ತಿಂಗಳಾಯಿತು. ತಿಂಗಳಿಗೆ 499 ರೂಪಾಯಿ, ತೆರಿಗೆ ಸೇರಿದರೆ 589. ಹೇಳಿದ ವೇಗ 40 ಎಂಬಿಪಿಎಸ್. ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಆಷಾಢದ ಮಳೆಗೆ ಮರ ಬಿದ್ದು ಎರಡು ಬಾರಿ, ಆನೆ ಕಂಬ ಕೆಡವಿ ಒಮ್ಮೆ ಕೇಬಲ್ ಹರಿದಾಗಲೂ ಮಾರನೆಯ ದಿನವೇ ಬಂದು ಜೋಡಿಸಿಕೊಟ್ಟಿದ್ದಾರೆ. ಇಷ್ಟೇ ಆಗಿದ್ದರೆ ಐದಕ್ಕೆ ನಾಲ್ಕೂವರೆ ಅಂಕ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ನಾನು ಸಂಪರ್ಕ ಹಾಕಿಸಿದ್ದು ಹಾಸನದ ಮನೆಯಲ್ಲಿ ಕುಳಿತು ತೋಟದ ಕಣದ ಕ್ಯಾಮೆರಾ ನೋಡುವುದಕ್ಕೆ; ಕೊಯ್ಲಿನ ಕಾಲದಲ್ಲಿ ಒಣಗಲು ಹರವಿದ ಕಾಫಿಯ ಮೇಲೆ ಕಣ್ಣಿಡದಿದ್ದರೆ ಬೆಳಗಾಗುವುದರೊಳಗೆ ನಾಲ್ಕು ಮೂಟೆ ಕಡಿಮೆಯಾಗಿರುತ್ತದೆ. ಆ ಕೆಲಸಕ್ಕೆ ವೇಗಕ್ಕಿಂತ ವಿಳಾಸ ಮುಖ್ಯ, ಈ ಸೇವೆ ಸೋತಿರುವುದೂ ಅಲ್ಲಿಯೇ.

ಮೊದಲು ಚಿಕ್ಕ ತಕರಾರು. ಮನೆಯಿಂದ ಕಣದ ಪಕ್ಕದ ಗೋಡೌನಿಗೆ ಕೇಬಲ್ ಎಳೆದು, ಅಲ್ಲಿ ನಾನೇ ಕೊಂಡು ತಂದ ಇನ್ನೊಂದು ರೌಟರ್ ಕೂರಿಸಿದೆ. ವೈಫೈ ಗೆರೆಗಳೆಲ್ಲ ತುಂಬಿದ್ದವು, ಇಂಟರ್ನೆಟ್ ಮಾತ್ರ ಇರಲಿಲ್ಲ. ನೋಡಲು ಬಂದ ಹುಡುಗ ನನ್ನ ರೌಟರ್ ಕೆಟ್ಟಿದೆಯೆಂದೂ, ತಮ್ಮಲ್ಲಿ 1,800 ರೂಪಾಯಿಗೆ ಒಳ್ಳೆಯದು ಸಿಗುತ್ತದೆಯೆಂದೂ ಹೇಳಿ ಹೋದ. ಸಂಜೆ ಎರಡನ್ನೂ ಬೋರಲು ಹಾಕಿ ನೋಡಿದರೆ ಎರಡರ ಕೆಳಗೆ ಅಂಟಿಸಿದ ಚೀಟಿಯಲ್ಲೂ ಒಂದೇ ವಿಳಾಸ: 192.168.1.1. ಐಪಿ ವಿಳಾಸವೆಂದರೆ ಜಾಲದಲ್ಲಿ ಸಾಧನವನ್ನು ಗುರುತಿಸಲು ನಾಲ್ಕು ಸಂಖ್ಯೆಗಳಾಗಿ ಬರೆದ 32 ಬಿಟ್, ಅಂದರೆ 32 ಸೊನ್ನೆ-ಒಂದುಗಳ ಸಾಲು. ಅದರ ಜೊತೆಗಿರುವ 255.255.255.0 ಎಂಬ ಸಬ್‌ನೆಟ್ ಮಾಸ್ಕ್, ಮೊದಲ ಮೂರು ಸಂಖ್ಯೆ ಜಾಲದ ಗುರುತು, ಕೊನೆಯದು ಆ ಜಾಲದೊಳಗಿನ ಸಾಧನದ ಗುರುತು ಎಂದು ತಿಳಿಸುತ್ತದೆ. ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳುಹಿಸುವ ಮುನ್ನ ಯಾವುದೇ ಸಾಧನ ನೋಡುವುದು, ತಲುಪಬೇಕಾದ ವಿಳಾಸ ತನ್ನ ಜಾಲದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು. ಒಳಗಿದ್ದರೆ ಜಾಲದಲ್ಲೇ ಕೂಗಿ ಹುಡುಕುತ್ತದೆ, ಹೊರಗಿದ್ದರೆ ಆಚೆಯ ಜಾಲಕ್ಕೆ ದಾಟಿಸುವ ಗೇಟ್‌ವೇ ಕೈಗೆ ಕೊಡುತ್ತದೆ. ಗೋಡೌನಿನ ರೌಟರಿಗೆ ಎರಡೂ ಬದಿಯಲ್ಲಿ ಅದೇ ಜಾಲ, ಸಾಲದ್ದಕ್ಕೆ ಅದರ ಗೇಟ್‌ವೇಗೂ ಅದರದೇ ವಿಳಾಸ. ಪ್ಯಾಕೆಟ್ ಹೊರಗೆ ದಾಟುವುದಾದರೂ ಹೇಗೆ? ಅದರ ವಿಳಾಸವನ್ನು 192.168.2.1 ಎಂದು ತಿದ್ದಿ, ಆಫ್ ಮಾಡಿ ಆನ್ ಮಾಡಿದೆ. ಐದು ನಿಮಿಷದ ಕೆಲಸ, ಖರ್ಚಿಲ್ಲ. ರೌಟರ್ ಮಾರಲು ಬಂದವನಿಗೆ ಇದು ಗೊತ್ತಿರಬೇಕಿತ್ತು.

ದೊಡ್ಡ ತಕರಾರು ಕ್ಯಾಮೆರಾದ್ದು. ಎರಡೂ ರೌಟರ್‌ಗಳಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಇಂಥ ಪೋರ್ಟಿಗೆ, ಅಂದರೆ ಬಾಗಿಲ ಸಂಖ್ಯೆಗೆ, ಬಂದದ್ದನ್ನು ಕ್ಯಾಮೆರಾಕ್ಕೆ ದಾಟಿಸು ಎಂಬ ಸೂಚನೆ) ಬರೆದರೂ ಹಾಸನದಲ್ಲಿ ಚಿತ್ರ ಬರಲಿಲ್ಲ. ಮುಖ್ಯ ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೌಟರಿಗೆ ಕಂಪನಿಯ ಕಡೆಯಿಂದ ಸಿಕ್ಕ ವಿಳಾಸ) ಎಂಬಲ್ಲಿ 100.72 ಎಂದು ಆರಂಭವಾಗುವ ಸಂಖ್ಯೆಯಿತ್ತು. ನನ್ನ ಐಪಿ ಯಾವುದೆಂದು ಹೊರಗಿನ ಜಾಲತಾಣವೊಂದರಲ್ಲಿ ನೋಡಿದರೆ ಬೇರೆಯದೇ ಸಂಖ್ಯೆ. 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ತೆಗೆದಿರಿಸಲಾಯಿತು. ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಅವುಗಳಿಗೆ ದಾರಿಯಿಲ್ಲ. ಅಂದರೆ ನಮ್ಮ ಮನೆಯೂ ಸುತ್ತಲಿನ ಎಷ್ಟೋ ಮನೆಗಳೂ ಒಂದೇ ಸಾರ್ವಜನಿಕ ವಿಳಾಸದ ಹಿಂದಿವೆ. ಈ ಏರ್ಪಾಡಿಗೆ ಸಿಜಿನ್ಯಾಟ್ ಎಂದು ಹೆಸರು.

ತೋಟದವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳವರ ಕಾಗದಗಳೆಲ್ಲ ಎಸ್ಟೇಟ್ ಆಫೀಸಿನ ವಿಳಾಸಕ್ಕೇ ಬರುತ್ತವೆ ಎಂದುಕೊಳ್ಳಿ. ಯಾವ ಮನೆಯವರು ಯಾರಿಗೆ ಬರೆದರೆಂಬುದನ್ನು ಆಫೀಸಿನ ಗುಮಾಸ್ತರಾದ ರೈಟರು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಉತ್ತರ ಬಂದಾಗ ಆ ಸಾಲು ನೋಡಿ ತಲುಪಿಸುತ್ತಾರೆ. ಹಲವು ಸಾಧನಗಳ ವಿಳಾಸಗಳನ್ನು ಒಂದೇ ವಿಳಾಸಕ್ಕೆ ಬದಲಿಸುವ ನ್ಯಾಟ್ ಯಂತ್ರವೂ ಹೊರಗೆ ಹೋಗುವ ಪ್ರತಿ ಸಂಪರ್ಕಕ್ಕೆ ಒಂದು ಪೋರ್ಟ್ ಸಂಖ್ಯೆ ಹಚ್ಚಿ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಿನಿಮಾ ನೋಡುವವರಿಗೆ, ಬ್ಯಾಂಕ್ ಕೆಲಸ ಮಾಡುವವರಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಮೊದಲ ಕಾಗದ ಅವರದೇ. ಹಾಸನದಿಂದ ನನ್ನ ಫೋನು ಕ್ಯಾಮೆರಾವನ್ನು ತಾನಾಗಿ ಹುಡುಕಿಕೊಂಡು ಬಂದಾಗ ಮಾತ್ರ ಪುಸ್ತಕದಲ್ಲಿ ಅಂಥ ಸಾಲೇ ಇರುವುದಿಲ್ಲ, ಪ್ಯಾಕೆಟ್ ಅಲ್ಲಿಗೇ ಬಿತ್ತು. ನನ್ನ ರೌಟರಿನಲ್ಲಿ ಬರೆದ ಪೋರ್ಟ್ ಫಾರ್ವರ್ಡಿಂಗ್ ಕಂಪನಿಯವರ ಪುಸ್ತಕಕ್ಕೆ ಅನ್ವಯಿಸುವುದಿಲ್ಲ.

ಸಿಜಿನ್ಯಾಟ್ ಬಳಸಿದ್ದಕ್ಕಾಗಿ ನಾನು ಇವರನ್ನು ದೂರುವುದಿಲ್ಲ. 32 ಬಿಟ್‌ನಿಂದ ಹುಟ್ಟುವುದೇ ಒಟ್ಟು ಸುಮಾರು 429 ಕೋಟಿ ವಿಳಾಸ; ಜಾಗತಿಕ ದಾಸ್ತಾನಿನ ಕೊನೆಯ ಐದು ದೊಡ್ಡ ಕಂತೆಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ 2011ರ ಫೆಬ್ರವರಿ 3ರಂದು ಹಂಚಿ ಮುಗಿಸಲಾಯಿತು. ಆಮೇಲೆ ಅಂಗಡಿ ತೆರೆದ ಸಣ್ಣ ಕಂಪನಿಗೆ ಮನೆಗೊಂದು ವಿಳಾಸ ಕೊಡುವುದು ಕಷ್ಟ. ನನ್ನ ಆಕ್ಷೇಪ ಇರುವುದು ಇದನ್ನು ಹೇಳದೆ ಮಾರಿದ್ದರ ಬಗ್ಗೆ. ಮೂರು ಬಾರಿ ಫೋನ್ ಮಾಡಿದಾಗಲೂ ಬಂದ ಉತ್ತರ ಒಂದೇ, "ಸ್ಪೀಡ್ ಬರ್ತಾ ಇದೆಯಲ್ಲ ಸಾರ್." ಇನ್ನು 128 ಬಿಟ್‌ನ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಕೊಟ್ಟರೆ ವಿಳಾಸದ ಬರ ಉಳಿಯುವುದಿಲ್ಲ, ಅದೇ ಕಣದಲ್ಲಿ ನಿಂತರೆ ನನ್ನ ಮೊಬೈಲ್ ಸಿಮ್ಮಿಗೆ ಐಪಿವಿ6 ವಿಳಾಸ ಸಿಗುತ್ತದೆ, ಕಾಸು ಕೊಟ್ಟು ಎಳೆಸಿದ ಫೈಬರಿಗೆ ಇಲ್ಲ.

ಕುತೂಹಲಕ್ಕೆ ತೋಟದಿಂದ ಹಾಸನದ ಮನೆಯ ವಿಳಾಸಕ್ಕೆ ಟ್ರೇಸ್‌ರೂಟ್ ಹಾಕಿದೆ. ಪ್ರತಿ ಪ್ಯಾಕೆಟ್ಟಿನ ಮೇಲೂ ಟಿಟಿಎಲ್ ಎಂಬ ಎಣಿಕೆಯಿರುತ್ತದೆ, ದಾಟಿದ ಪ್ರತಿ ರೌಟರ್ ಅದರಲ್ಲೊಂದು ಕಳೆಯುತ್ತದೆ, ಸೊನ್ನೆಯಾದಲ್ಲಿ ಪ್ಯಾಕೆಟ್ ಎಸೆದು ಕಳುಹಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಎಣಿಕೆಯನ್ನು ಒಂದು, ಎರಡು, ಮೂರು ಎಂದು ಏರಿಸುತ್ತ ಹೋದರೆ ದಾರಿಯ ನಿಲ್ದಾಣಗಳ ಪಟ್ಟಿ ಸಿಗುತ್ತದೆ. ನನಗೆ ಹನ್ನೊಂದು ನಿಲ್ದಾಣ ಸಿಕ್ಕವು, ಹೆಸರುಗಳಲ್ಲಿ ಬೆಂಗಳೂರೂ ಇತ್ತು, ಚೆನ್ನೈಯೂ ಇತ್ತು. ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ನೇರ ದಾರಿಯಿದ್ದರೆ ಹೋಗಿಬರಲು ಅರ್ಧ ಮಿಲಿಸೆಕೆಂಡೂ ಬೇಡ, ನನಗೆ ಹಿಡಿದದ್ದು 34. ಎರಡೂ ಮನೆಗಳ ಕಂಪನಿಗಳು ಬೇರೆ. ಬಿಜಿಪಿ ಎಂಬ ಪದ್ಧತಿಯಲ್ಲಿ ಯಾವ ಕಂಪನಿ ಯಾವ ವಿಳಾಸದ ಕಂತೆಗೆ ದಾರಿ ಬಲ್ಲದೆಂದು ಸಾರುತ್ತದೋ ಅದರಂತೆ, ಅವೆರಡು ಕೈಕುಲುಕುವ ಊರಿಗೆ ಹೋಗಿಯೇ ಪ್ಯಾಕೆಟ್ ಬರಬೇಕು. ಹಾಸನಕ್ಕೆ ಹೊರಟವನು ಮೆಜೆಸ್ಟಿಕ್ ದಾಟಿ ಮದರಾಸು ನೋಡಿಕೊಂಡು ಬಂದಂತಾಯಿತು. ಕ್ಯಾಮೆರಾ ನೋಡುವುದಕ್ಕೆ 34 ಮಿಲಿಸೆಕೆಂಡ್ ಏನೂ ಅಲ್ಲವಾದ್ದರಿಂದ ಇದಕ್ಕೆ ನಾನು ಅಂಕ ಕಳೆಯುವುದಿಲ್ಲ.

ಕೊನೆಗೆ ನವೆಂಬರಿನಲ್ಲಿ ಕಚೇರಿಗೇ ಹೋಗಿ ಕುಳಿತಾಗ, ತಿಂಗಳಿಗೆ 200 ರೂಪಾಯಿ ಹೆಚ್ಚು ಕೊಟ್ಟರೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಸಾರ್ವಜನಿಕ ವಿಳಾಸ, ಕೊಡುವುದುಂಟೆಂದು ಒಳಗಿನ ಕೋಣೆಯಿಂದ ಬಂದ ಒಬ್ಬರು ಹೇಳಿದರು. ಮಾರನೆಯ ದಿನವೇ ಕೊಟ್ಟರು, ಚಿತ್ರವೂ ಬಂತು. ಸಾರ್ವಜನಿಕ ವಿಳಾಸವೆಂದರೆ ಬೀದಿಗೆ ತೆರೆದ ಬಾಗಿಲು. ಒಂದೇ ರಾತ್ರಿಯಲ್ಲಿ ರೌಟರಿನ ಲಾಗ್ ಪುಟ ತುಂಬ ಅಪರಿಚಿತ ವಿಳಾಸಗಳು ಬಾಗಿಲು ತಟ್ಟಿದ ಗುರುತು. ಕ್ಯಾಮೆರಾದ ಹುಟ್ಟು ಪಾಸ್‌ವರ್ಡ್ ಬದಲಿಸಿ, ಪೋರ್ಟ್ ಫಾರ್ವರ್ಡಿಂಗ್ ತೆಗೆದು ವಿಪಿಎನ್ ಎಂಬ ಬೀಗ ಹಾಕಿದ ಖಾಸಗಿ ದಾರಿ ಹಾಕಿಕೊಂಡಿದ್ದೇನೆ. ವರ್ಷದ ಪ್ಯಾಕ್ ತೆಗೆದುಕೊಂಡರೆ ಒಂದು ತಿಂಗಳು ಉಚಿತವಂತೆ. ನಾನು ಆರು ತಿಂಗಳಿಗಷ್ಟೇ ಕಟ್ಟಿ, ಐಪಿವಿ6 ಯಾವಾಗ ಕೊಡುತ್ತೀರೆಂದು ಅರ್ಜಿ ಬರೆದು ರಸೀದಿಯ ಜೊತೆ ಇಟ್ಟುಕೊಂಡಿದ್ದೇನೆ. ಈಗಿನ ಅಂಕ ಐದಕ್ಕೆ ಮೂರು.