ಎಸ್‌ಪಿ1848 ಬಿಲ್ಲೆ: ಬಿಸಿಯಿಂದ ಕರೆಂಟು ಸರಿ, ಆದರೆ ಎಷ್ಟು?

ನಾಲ್ಕು ಸೆಂಟಿಮೀಟರ್ ಚೌಕದ ಬಿಳಿ ಬಿಲ್ಲೆ, ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಎಸ್‌ಪಿ1848-27145 ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್ ಅಂದರೆ ನೋಡಲು ಇಷ್ಟೇ. ಒಂದು ಮುಖ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಕರೆಂಟು ಕೊಡುತ್ತದೆ. ಮಾರುವವರ ಪಟ್ಟಿಯಲ್ಲಿ 100 ಡಿಗ್ರಿ ವ್ಯತ್ಯಾಸಕ್ಕೆ 4.8 ವೋಲ್ಟ್, 669 ಮಿಲಿಆಂಪ್ ಎಂದಿರುತ್ತದೆ. ಎರಡನ್ನೂ ಗುಣಿಸಿ 3.2 ವ್ಯಾಟ್ ಎಂದು ಹಿಗ್ಗಬೇಡಿ. ವೋಲ್ಟೇಜು ಏನನ್ನೂ ಜೋಡಿಸದಿದ್ದಾಗಿನದು, ಕರೆಂಟು ತಂತಿಗಳನ್ನು ನೇರ ಮುಟ್ಟಿಸಿದಾಗಿನದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಲೋಡ್, ಅಂದರೆ ಕರೆಂಟು ಬಳಸುವ ಸಾಧನ, ಹಾಕಿದಾಗ ವೋಲ್ಟೇಜು ಅರ್ಧಕ್ಕಿಳಿಯುವಂತೆ ಹೊಂದಿಸಿದರೆ ಹೆಚ್ಚೆಂದರೆ ಕಾಲುಭಾಗ, 0.8 ವ್ಯಾಟ್. ಮನೆಯಲ್ಲಿ ಸುಲಭಕ್ಕೆ ಸಿಗುವ 40 ಡಿಗ್ರಿ ವ್ಯತ್ಯಾಸಕ್ಕೆ ಅದೇ ಪಟ್ಟಿ 1.8 ವೋಲ್ಟ್, 368 ಮಿಲಿಆಂಪ್ ಅನ್ನುತ್ತದೆ. ಅಂದರೆ 0.17 ವ್ಯಾಟ್.

ಬಿಲ್ಲೆಯ ಮೇಲೆ ದೂರಿಲ್ಲ. ಕೈಕೊಡುವುದು ತಣ್ಣನೆಯ ಬದಿ. ಬಿಸಿ ತಟ್ಟೆಯ ಮೇಲಿಟ್ಟ ಕೂಡಲೇ ಮೀಟರಿನ ಮುಳ್ಳು ಜಿಗಿಯುತ್ತದೆ, ತಣ್ಣನೆಯ ಬದಿಯಲ್ಲಿ ಶಾಖ ಹೊರಚೆಲ್ಲುವ ಲೋಹದ ಹೀಟ್‌ಸಿಂಕ್ ಕಾಯುತ್ತಾ ಬಂದಂತೆ ಮೆಲ್ಲಗೆ ಕೆಳಗೆ ಜಾರುತ್ತದೆ. ಮೊದಲ ನಿಮಿಷದ ಅಂಕಿ ನೋಡಿ ಬರೆದ ಹೊಗಳಿಕೆಗಳನ್ನು ನಂಬಬೇಡಿ. ಅರ್ಧ ಗಂಟೆ ಬಿಟ್ಟು ಅಳೆಯಿರಿ. ಬಿಲ್ಲೆಯ ಮೂಲಕ 30 ವ್ಯಾಟ್ ಶಾಖ ಹರಿಯುತ್ತಿದೆ ಎಂದುಕೊಂಡರೆ, ಹೀಟ್‌ಸಿಂಕಿನ ಬದಲು ಪಾತ್ರೆಯಲ್ಲಿ ಮೇಲಿಟ್ಟ ಅರ್ಧ ಲೀಟರ್ ನೀರು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಆದರೂ ಫ್ಯಾನಿಲ್ಲದ ಚಿಕ್ಕ ಹೀಟ್‌ಸಿಂಕಿಗಿಂತ ನೀರೇ ವಾಸಿ.

ಜೋಡಣೆಯಲ್ಲಿ ಅವಸರ ಬೇಡ. ಉರಿ ನೇರವಾಗಿ ತಾಗದಂತೆ ಬಿಲ್ಲೆಯ ಕೆಳಗೆ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಇಡಿ. ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಎರಡೂ ಮುಖಕ್ಕೆ ತೆಳ್ಳಗೆ ಸಾಕು, ದಪ್ಪ ಬಳಿದರೆ ಅದೇ ಅಡ್ಡಗೋಡೆ. ತಿರುಪುಗಳನ್ನು ಒಂದರ ನಂತರ ಒಂದು, ಅರ್ಧರ್ಧ ಸುತ್ತು ಬಿಗಿಯಿರಿ. ಒಂದೇ ಕಡೆ ಬಿಗಿದರೆ ಬಿಲ್ಲೆಯ ಪಿಂಗಾಣಿ ಬಿರುಕು ಬಿಡುತ್ತದೆ. ಲೋಹದ ತಿರುಪಿನ ಮೂಲಕವೂ ಬಿಸಿ ಮೇಲಕ್ಕೆ ಕದ್ದು ಹೋಗುತ್ತದೆ, ಹಾಗಾಗಿ ತಂಪು ಬದಿಯಲ್ಲಿ ಶಾಖ ಹಾಯದ ವಾಷರ್ ಹಾಕಿ.

ಕಡಿಮೆ ವೋಲ್ಟೇಜನ್ನು ಏರಿಸಿಕೊಡುವ ಬೂಸ್ಟ್ ಕನ್ವರ್ಟರ್ ಆಯ್ಕೆಯಲ್ಲೇ ಹಲವರು ಎಡವುವುದು. ಎಂಟಿ3608 ಬೋರ್ಡಿಗೆ ಕನಿಷ್ಠ 2 ವೋಲ್ಟ್ ಬೇಕು. 40 ಡಿಗ್ರಿ ವ್ಯತ್ಯಾಸದಲ್ಲಿ ಲೋಡ್ ಹೊತ್ತ ಒಂದು ಬಿಲ್ಲೆ ಕೊಡುವುದು 0.9, ಎರಡನ್ನು ಸರಣಿಯಲ್ಲಿ ಜೋಡಿಸಿದರೂ 1.8. ಮೂರು ಬೇಕು, ಮೂರಕ್ಕೂ ಸಮನಾಗಿ ಬಿಸಿ ತಾಗಬೇಕು. ಎಲ್‌ಟಿಸಿ3108 ಚಿಪ್ಪು 1:100 ಟ್ರಾನ್ಸ್‌ಫಾರ್ಮರ್ ಜೊತೆ 20 ಮಿಲಿವೋಲ್ಟಿಗೇ ಎದ್ದು ಕೂರುತ್ತದೆ, ಆದರೆ ಅದರಿಂದ ಹೊರಬರುವುದು ಮಿಲಿವ್ಯಾಟ್‌ಗಳಷ್ಟೇ: ಸೆನ್ಸರಿಗೆ, ಗೋಡೆ ಗಡಿಯಾರಕ್ಕೆ ಹೇಳಿ ಮಾಡಿಸಿದ್ದು, ದೀಪಕ್ಕಲ್ಲ.

ಬಿಲ್ಲೆಯೊಂದರ ಪಾಲಿನ 0.17 ವ್ಯಾಟಿನಲ್ಲಿ ಕನ್ವರ್ಟರ್ ನುಂಗಿ ಉಳಿದದ್ದಕ್ಕೆ 20 ಮಿಲಿಆಂಪಿನ ಎರಡು ಬಿಳಿ ಎಲ್‌ಇಡಿ ಉರಿಯುತ್ತವೆ. 5 ವ್ಯಾಟ್ ಕೇಳುವ ಫೋನ್ ಚಾರ್ಜಿಂಗ್ ಆಸೆಗೆ ಈ ಬಿಲ್ಲೆ ಕೊಳ್ಳಬೇಡಿ.

ಕೊಳ್ಳುವಾಗ ಮೈಮೇಲಿನ ಅಚ್ಚು ಓದಿ. ಟಿಇಸಿ1-12706 ಎಂದಿದ್ದರೆ ಅದು ಕರೆಂಟು ಕೊಟ್ಟರೆ ತಂಪು ಮಾಡುವ ಪೆಲ್ಟಿಯರ್ ಬಿಲ್ಲೆ. ಬಿಸಿ ಮಾಡಿದರೆ ಅದೂ ಕರೆಂಟು ಕೊಡುತ್ತದೆ, ನಿಜ, ಆದರೆ ಒಳಗಿನ ಬೆಸುಗೆ 138 ಡಿಗ್ರಿಗೆ ಕರಗುತ್ತದೆ. ಎಸ್‌ಪಿ1848ಕ್ಕೂ 150 ಡಿಗ್ರಿ ಮಿತಿ ಇದೆ. ಬರಿಯ ಮೇಣದಬತ್ತಿಯ ಜ್ವಾಲೆ ಆ ಮಿತಿಯನ್ನು ಬಹುದೂರ ದಾಟಿಬಿಡುತ್ತದೆ. ನೀರಿನ ಪಾತ್ರೆ ಬರಿದಾದ ಮೇಲೆ ಬಿಲ್ಲೆ ಉಳಿಯುವುದು ಕಷ್ಟ.