ಮೈನೇತಾ ತಾಣ: ಒಟ್ಟು ಆಸ್ತಿ ಬಿಡಿ, ಗುತ್ತಿಗೆಯ ಕಲಂ ಓದಿ

ಚುನಾವಣೆ ಬಂದಾಗಲೆಲ್ಲ, ಅಭ್ಯರ್ಥಿಗಳ ಅಫಿಡವಿಟ್ ವಿವರ ಒದಗಿಸುವ ಮೈನೇತಾ ತಾಣದಿಂದ ಎಲ್ಲರೂ ಎತ್ತಿಕೊಳ್ಳುವುದು ಒಂದೇ ಅಂಕಿ, ಅಭ್ಯರ್ಥಿಯ ಆಸ್ತಿ ಎಷ್ಟು ಕೋಟಿ ಎಂಬುದು. ಶಾಸಕರು ಅಧಿಕಾರವನ್ನು ಸ್ವಂತ ವ್ಯವಹಾರಕ್ಕೆ ಬಳಸುತ್ತಿದ್ದಾರೆಯೇ ಎಂದು ನೋಡುವವರಿಗೆ ಆ ಅಂಕಿಯಿಂದ ಹೆಚ್ಚೇನೂ ಸಿಗದು. ಅದೇ ಪುಟದ ತಳದಲ್ಲಿ ಆದಾಯದ ಮೂಲ ಮತ್ತು ಸರ್ಕಾರಿ ಗುತ್ತಿಗೆ ಎಂಬ ಎರಡು ಕೋಷ್ಟಕಗಳಿವೆ. ಈ ತಾಣದ ನಿಜವಾದ ಬೆಲೆ ಅಲ್ಲಿದೆ.

ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆ ನಡೆಸುವ ಈ ತಾಣ ಸಂಪೂರ್ಣ ಉಚಿತ. ನಾಮಪತ್ರದ ಜೊತೆ ಅಭ್ಯರ್ಥಿಗಳು ಸಲ್ಲಿಸುವ ನಮೂನೆ 26ರ ಅಫಿಡವಿಟ್ಟನ್ನು ಓದಿ, ಕೈಯಿಂದ ಟೈಪ್ ಮಾಡಿ ಕೋಷ್ಟಕವಾಗಿಸುತ್ತಾರೆ. ಹೆಸರು ಹಾಕಿ ಹುಡುಕಬೇಡಿ. ಇಂಗ್ಲಿಷ್ ಕಾಗುಣಿತದಲ್ಲಿ ಗೌಡ, ಪಾಟೀಲ, ರೆಡ್ಡಿ ಹತ್ತು ಬಗೆಯಲ್ಲಿ ಬರುತ್ತಾರೆ. ರಾಜ್ಯ, ಚುನಾವಣೆಯ ವರ್ಷ, ಜಿಲ್ಲೆ, ಕ್ಷೇತ್ರ ಎಂದು ಇಳಿದರೆ ತಪ್ಪುವುದಿಲ್ಲ.

ಆಸ್ತಿ ಕೋಷ್ಟಕದ ಕೊನೆಯಲ್ಲಿ ಎರಡು ಮೊತ್ತ ಕಾಣುತ್ತವೆ: ಒಂದು ಅಫಿಡವಿಟ್‌ನಲ್ಲಿ ಬರೆದದ್ದು, ಇನ್ನೊಂದು ಸಾಲುಗಳನ್ನು ಕೂಡಿದಾಗ ಬಂದದ್ದು. ಇವೆರಡು ಹೊಂದದಿದ್ದರೆ ಅಭ್ಯರ್ಥಿ ಸುಳ್ಳು ಹೇಳಿದ್ದಾರೆ ಎಂದು ತೀರ್ಮಾನಿಸಬೇಡಿ. ಕೈಬರಹದ ಪ್ರತಿಯನ್ನು ಸ್ಕ್ಯಾನ್ ಮಾಡಿದಾಗ ಒಂದು ಸೊನ್ನೆ ಅಳಿಸಿದ್ದರೂ ಹೀಗಾಗುತ್ತದೆ. ಅಂಥ ಕಡೆ ಚುನಾವಣಾ ಆಯೋಗದ ಅಫಿಡವಿಟ್ ತಾಣದಿಂದ ಮೂಲ ಪಿಡಿಎಫ್ ತೆಗೆಯಲೇಬೇಕು. ಅಲ್ಲಿರುವುದು ಬರೀ ಚಿತ್ರ, ಪದ ಹುಡುಕಲು ಬರುವುದಿಲ್ಲ. ಆದರೆ ದೂರು ಕೊಡುವಾಗ ನಿಲ್ಲುವ ದಾಖಲೆ ಅದೊಂದೇ. ಹುಡುಕಲು ಮೈನೇತಾ, ಖಚಿತಪಡಿಸಿಕೊಳ್ಳಲು ಆಯೋಗ.

ಪಿಡಿಎಫ್‌ನಲ್ಲಿ ಮೊದಲು 9ಬಿ ಕಲಂಗೆ ಹೋಗಿ. 2018ರ ಫೆಬ್ರುವರಿಯಲ್ಲಿ ಲೋಕ್ ಪ್ರಹರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲ ಇದು. ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಲಂಬಿತರು, ಅವರಿಗೆ ಹಿತಾಸಕ್ತಿ ಇರುವ ಅವಿಭಕ್ತ ಕುಟುಂಬ ಮತ್ತು ಟ್ರಸ್ಟ್, ಪಾಲುದಾರರಾಗಿರುವ ಸಂಸ್ಥೆ, ಷೇರು ಹೊಂದಿರುವ ಖಾಸಗಿ ಕಂಪನಿ: ಇವರಲ್ಲಿ ಯಾರಿಗೆ ಸರ್ಕಾರದ ಗುತ್ತಿಗೆ ಇದ್ದರೂ ಇಲ್ಲಿ ಬರೆಯಬೇಕು. ಜಾಗ ಖಾಲಿ ಬಿಡುವಂತಿಲ್ಲ ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಇರುತ್ತದೆ.

ಆ ‘ಇಲ್ಲ’ವನ್ನು ಚರಾಸ್ತಿ ಕೋಷ್ಟಕದ ಎದುರು ಇಟ್ಟು ನೋಡಬೇಕು. ಮೂರನೇ ಸಾಲು ಷೇರು ಮತ್ತು ಬಾಂಡ್, ಐದನೇ ಸಾಲು ಇತರರಿಗೆ ಕೊಟ್ಟ ಸಾಲ. ಶಾಸಕರ ಪತ್ನಿ ಒಂದು ಜಲ್ಲಿ ಕ್ರಷರ್ ಸಂಸ್ಥೆಗೆ 60 ಲಕ್ಷ ಸಾಲ ಕೊಟ್ಟಿದ್ದಾರೆ ಎಂದುಕೊಳ್ಳಿ. ಅವರು ಪಾಲುದಾರರಲ್ಲ, ಆದ್ದರಿಂದ 9ಬಿಯಲ್ಲಿ ‘ಇಲ್ಲ’ ಎಂದು ಬರೆದದ್ದು ಸರಿಯೇ. ಆ ಕ್ರಷರ್ ನೇರವಾಗಿ ಸರ್ಕಾರಕ್ಕೆ ಜಲ್ಲಿ ಮಾರುವುದಿಲ್ಲ, ಕ್ಷೇತ್ರದ ರಸ್ತೆ ಮಾಡುವ ಗುತ್ತಿಗೆದಾರನಿಗೆ ಮಾರುತ್ತದೆ. ಇದನ್ನೂ 9ಬಿ ಕೇಳುವುದಿಲ್ಲ. ರಸ್ತೆ ಮಂಜೂರಾದರೆ ಲಾಭ ಎಲ್ಲಿಗೆ ಹರಿಯುತ್ತದೆ ಎಂಬುದು ಮಾತ್ರ ಐದನೇ ಸಾಲಿನಲ್ಲಿ ಕಾಣುತ್ತದೆ. ಎರಡು ಚುನಾವಣೆಗಳ ಅಫಿಡವಿಟ್ ಅಕ್ಕಪಕ್ಕ ಇಟ್ಟು ಈ ಸಾಲನ್ನು ಹೋಲಿಸಿದರೆ ಇನ್ನೂ ಚೆನ್ನ.

ಕಂಪನಿಯ ಹೆಸರು ಸಿಕ್ಕ ಮೇಲೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅದರ ವಾರ್ಷಿಕ ವಿವರಣೆ, ಲೆಕ್ಕಪತ್ರ ತೆಗೆಯಿರಿ. ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಸಂಬಂಧಿತ ವ್ಯಕ್ತಿಗಳೊಂದಿಗಿನ ವ್ಯವಹಾರ ಎಂಬ ಭಾಗವನ್ನು ಬಿಡಬೇಡಿ. ನಂತರ ಕರ್ನಾಟಕದ ಸರ್ಕಾರಿ ಖರೀದಿಯ ಕೆಪಿಪಿಪಿ ತಾಣದಲ್ಲಿ ಅದೇ ಹೆಸರಿಗೆ ಟೆಂಡರ್ ಸಿಕ್ಕಿದೆಯೇ ನೋಡಿ. ಸರ್ಕಾರಿ ಖರೀದಿಯಲ್ಲಿನ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಕೊಟ್ಟ ಕಾಮಗಾರಿಗೆ ಈ ದಾರಿ ಮುಚ್ಚಿರುತ್ತದೆ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ಗತಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು. ಕಾಮಗಾರಿಯ ಹೆಸರು ಹಾಕಿ ಅಳತೆ ಪುಸ್ತಕ ಮತ್ತು ಬಿಲ್ ಪ್ರತಿಯನ್ನಷ್ಟೇ ಕೇಳಿ.

ಅಫಿಡವಿಟ್ಟಿನ ಜಮೀನಿನ ಸಾಲುಗಳಲ್ಲಿ ಸರ್ವೆ ನಂಬರ್, ಖರೀದಿಸಿದ ದಿನಾಂಕ ಎರಡೂ ಇರಬೇಕು. ಭೂಮಿ ತಾಣದಲ್ಲಿ ಹೋಬಳಿ, ಗ್ರಾಮ, ಹಿಸ್ಸಾ ಹಾಕಿ ಪಹಣಿ ತೆಗೆದು, ಬಡಾವಣೆಯ ಅಥವಾ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆಯ ದಿನಾಂಕದೊಂದಿಗೆ ತಾಳೆ ನೋಡಿ. ಅಧಿಸೂಚನೆಗೆ ಸ್ವಲ್ಪ ಮೊದಲು ಕೊಂಡ ಜಮೀನು ಪ್ರಶ್ನೆ ಕೇಳಲು ಸಾಕಷ್ಟು ಕಾರಣ.

ಮೈನೇತಾದ ದೊಡ್ಡ ಮಿತಿ ಅಫಿಡವಿಟ್‌ನದೇ ಮಿತಿ. ಅದು ನಾಮಪತ್ರ ಸಲ್ಲಿಸಿದ ಹೊತ್ತಿನ ಚಿತ್ರ. ಜಾರ್ಖಂಡ್‌ನಲ್ಲಿ ಹೇಮಂತ್ ಸೊರೇನ್ ಮುಖ್ಯಮಂತ್ರಿಯಾಗಿ, ಗಣಿ ಖಾತೆಯನ್ನೂ ಇಟ್ಟುಕೊಂಡಿದ್ದಾಗ, 2021ರಲ್ಲಿ ಅವರ ಹೆಸರಿಗೆ 0.88 ಎಕರೆ ಕಲ್ಲುಗಣಿ ಗುತ್ತಿಗೆ ಬಂತು. 2019ರ ಅಫಿಡವಿಟ್‌ನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಗಣಿ ಗುತ್ತಿಗೆಯು, ಸರ್ಕಾರದ ಚಾಲ್ತಿ ಗುತ್ತಿಗೆ ಇರುವವರನ್ನು ಅನರ್ಹಗೊಳಿಸುವ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 9ಎ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿತ್ತು. ಅದೇ ಸೆಕ್ಷನ್ ಪ್ರಕಾರ ಕೆಲಸ ಪೂರ್ತಿ ಮುಗಿಸಿ ಬಿಲ್ ಮಾತ್ರ ಬಾಕಿ ಇದ್ದರೆ ಗುತ್ತಿಗೆ ಚಾಲ್ತಿಯಲ್ಲಿಲ್ಲ ಎಂದೇ ಲೆಕ್ಕ. ತನ್ನ ಬಿಲ್ ಬಾಕಿ ಇರುವ ಇಲಾಖೆಯ ಅಧಿಕಾರಿಯನ್ನು ಶಾಸಕ ಸಭೆಗೆ ಕರೆದು ಪ್ರಶ್ನಿಸುವ ಸ್ಥಿತಿ ಬರುವುದು ಹೀಗೆಯೇ. ಸ್ವಂತ ದುಡಿಮೆ ಇರುವ ಮಗ, ಸೊಸೆ, ತಮ್ಮ ‘ಅವಲಂಬಿತ’ರಲ್ಲ, ಅವರ ಗುತ್ತಿಗೆ ಎಲ್ಲಿಯೂ ಕಾಣದು.

ತಾಣದಲ್ಲಿ ಮೂರು ಬದಲಾವಣೆ ಆಗಲೇಬೇಕು: ಕನ್ನಡದ ಪುಟ, 9ಬಿಯಲ್ಲಿ ಏನಾದರೂ ಬರೆದವರನ್ನಷ್ಟೇ ಪಟ್ಟಿ ಮಾಡುವ ಸೌಲಭ್ಯ, ಷೇರಿನ ಸಾಲಿನಲ್ಲಿ ಕಂಪನಿಯ ನೋಂದಣಿ ಸಂಖ್ಯೆ. ಇವಿಲ್ಲದಿದ್ದರೂ ಒಂದು ಕ್ಷೇತ್ರದ ಮಟ್ಟಿಗೆ ಕೆಲಸ ಮಾಡುವವರು ಇದನ್ನು ಬಿಟ್ಟು ಮುಂದೆ ಹೋಗಲಾರರು. ಸುಳ್ಳು ಅಫಿಡವಿಟ್‌ಗೆ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 125ಎ ಅಡಿ 6 ತಿಂಗಳವರೆಗೆ ಜೈಲು ಅಥವಾ ದಂಡ ಉಂಟು. ಆಯ್ಕೆಯನ್ನೇ ಪ್ರಶ್ನಿಸುವ ಅರ್ಜಿಯಾದರೆ ಹೈಕೋರ್ಟಿಗೆ 45 ದಿನದೊಳಗೆ ಹೋಗಬೇಕು. ಆದ್ದರಿಂದ ಪಿಡಿಎಫ್ ಇಳಿಸಿಕೊಳ್ಳುವ ಕೆಲಸ ಫಲಿತಾಂಶಕ್ಕೆ ಕಾಯದೆ, ನಾಮಪತ್ರ ಪರಿಶೀಲನೆಯ ವಾರದಲ್ಲೇ ಮುಗಿದಿರಲಿ.